ವಾಸ್ಕೋದ ಗಾಮಾ

ಮೊನ್ನೆ ಕರೆಂಟ್ ಬಿಲ್ಲು ಹುಡುಕುತ್ತ ಕಪಾಟಿನ ಕೆಳಗಿನ ಖಾನೆ ಜಾಲಾಡುವಾಗ ಒಂದು ಹಳದಿ ಚೀಟಿ ಕೈಗೆ ಸಿಕ್ಕಿತು. ಸೂರತ್‌ನ ಒಂದು ಸಣ್ಣ ದವಾಖಾನೆಯ ಚೀಟಿ. ರೋಗಿಯ ಹೆಸರು ಎಂಬಲ್ಲಿ ದುಂಡನೆಯ ಗುಜರಾತಿ ಅಕ್ಷರದಲ್ಲಿ ‘ವಾಸ್ಕೋ ಡ ಗಾಮಾ’ ಎಂದು ಬರೆದಿದೆ. ವಯಸ್ಸು ಎಂಬತ್ತೊಂದು. ತೊಂದರೆ ಏನೆಂದರೆ ತಲೆಸುತ್ತು, ಸಕ್ಕರೆ ಕಡಿಮೆ. ಇದನ್ನು ನೋಡಿದವರೆಲ್ಲ ನಗುತ್ತಾರೆ, ಈಗ ನಾನೂ ನಗುತ್ತೇನೆ. ಆದರೆ ಮೊದಲ ಸಲ ಓದಿದ ದಿನ ನನಗೆ ನಗು ಬಂದಿರಲಿಲ್ಲ. ಯಾಕೆಂದರೆ ಆ ರೋಗಿ ನನ್ನ ಅಪ್ಪ.

ಅಪ್ಪನ ಹೆಸರು ಶಿವಪುತ್ರಪ್ಪ. ಊರು ಅಣ್ಣಿಗೇರಿ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಕೈಪೆಟ್ಟಿಗೆ, ಎರಡು ಬಾವುಟ, ಒಂದು ದೀಪ ಹಿಡಿದು ಡ್ಯೂಟಿಗೆ ಹೊರಟರೆಂದರೆ ಅವ್ವ ನೆರೆಮನೆಯವರಿಗೆ ಹೇಳುತ್ತಿದ್ದದ್ದು ಒಂದೇ ಮಾತು, “ವಾಸ್ಕೋಕ್ಕ ಹೋಗ್ಯಾರ.” ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು ಗೋವೆಯ ತುದಿ ಮುಟ್ಟುವ ಗಾಡಿ ಅದು. ಅದರ ಕೊನೆಯ ಸ್ಟೇಷನ್ನಿನ ಪೂರ್ತಿ ಹೆಸರು ವಾಸ್ಕೋ ಡ ಗಾಮಾ. ಹೀಗಾಗಿ ನಮ್ಮ ಮನೆಯಲ್ಲಿ ವಾಸ್ಕೋ ಎಂದರೆ ಮನುಷ್ಯನಲ್ಲ. ಅದು ಅಪ್ಪ ಹೋಗುವ ಊರು. ಅಪ್ಪ ಮನೆಯಲ್ಲಿಲ್ಲ ಎಂಬುದಕ್ಕೆ ಇನ್ನೊಂದು ಹೆಸರು.

ಇನ್ನು ಗಾಮಾ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆ. ಮನೆಗೆ ಬಂದ ನೆಂಟರ ಬಾಯಲ್ಲಿ ಧಾರವಾಡದ ಪೇಡೆ, ಗೋಕಾಕದ ಕರದಂಟು ಎಂದೆಲ್ಲ ಕೇಳಿ ಬೆಳೆದ ನನಗೆ ‘ವಾಸ್ಕೋದ ಗಾಮಾ’ ಎಂದರೆ ಆ ಊರಿನ ಒಂದು ತಿನಿಸು ಎಂದೇ ಅನ್ನಿಸಿತ್ತು. ಐದು ವರ್ಷದವಳಿದ್ದಾಗ ಅಪ್ಪನ ಬಿಳಿ ಕೋಟು ಹಿಡಿದು, “ಈ ಸಲ ಬರುವಾಗ ಗಾಮಾ ತಗೊಂಡ ಬರ್ರಿ” ಎಂದೆನಂತೆ. ಅಪ್ಪ ನಗಲಿಲ್ಲ. ಮುಂದಿನ ಸಲ ಸಿಪ್ಪೆ ಸಮೇತ ಹುರಿದ ಗೇರುಬೀಜವನ್ನು ಕಾಗದದ ಪೊಟ್ಟಣದಲ್ಲಿ ತಂದು ನನ್ನ ಕೈಗಿಟ್ಟು, “ತಗೋ, ಗಾಮಾ” ಎಂದರು. ಮುಂದೆ ಶಾಲೆಯಲ್ಲಿ ಮಾಸ್ತರು ವಾಸ್ಕೋ ಡ ಗಾಮಾ ಯಾರು ಎಂದು ಕೇಳಿದಾಗ ಇಡೀ ವರ್ಗದಲ್ಲಿ ಕೈ ಎತ್ತಿದವಳು ನಾನೊಬ್ಬಳೇ. “ಗೇರುಬೀಜ ಸರ್” ಎಂದೆ. ಬೆಂಚಿನ ಮೇಲೆ ನಿಲ್ಲಿಸಿದರು. ಉತ್ತರದಲ್ಲಿ ತಪ್ಪೇನಿದೆ ಎಂದು ಬೆಂಚಿನ ಮೇಲೆ ನಿಂತಾಗಲೂ ನನಗೆ ತಿಳಿಯಲಿಲ್ಲ.

ಗೇರುಬೀಜದ ಜೊತೆ ಅಪ್ಪ ತರುತ್ತಿದ್ದದ್ದು ಸಮುದ್ರದ ಕಥೆಗಳನ್ನು. ಒಂದು ರೈಲು ಡಬ್ಬಿಯಷ್ಟು ಉದ್ದದ ಮೀನು ದಡಕ್ಕೆ ಬಂದು ಬಿದ್ದದ್ದು. ಹಡಗಿನ ಕಪ್ತಾನನಿಗೆ ಅಪ್ಪ ಹಸಿರು ಬಾವುಟ ತೋರಿಸಿದ್ದು, ಅವನು ಟೋಪಿ ತೆಗೆದದ್ದು. ಏಳನೆಯ ತೆರೆ ಎಲ್ಲಕ್ಕಿಂತ ದೊಡ್ಡದಿರುತ್ತದೆ, ಅದು ಬರುವ ಮುಂಚೆ ಒಂದು ಗಳಿಗೆ ಸಮುದ್ರ ಉಸಿರು ಹಿಡಿಯುತ್ತದೆ ಎಂದು ಅವರು ತಾವೇ ಉಸಿರು ಹಿಡಿದು ತೋರಿಸುತ್ತಿದ್ದರು. ಕ್ವಾರ್ಟರ್ಸಿನ ಮಕ್ಕಳೆಲ್ಲ ನಮ್ಮ ಕಟ್ಟೆಯ ಮೇಲೆ ಉಸಿರು ಹಿಡಿದು ಕೂತಿರುತ್ತಿದ್ದೆವು.

ಈಗ ನಾನು ವಡೋದರಾದ ಮಂಜಲ್‌ಪುರದಲ್ಲಿದ್ದೇನೆ. ವಿಮಾ ಕಚೇರಿಯ ನೌಕರಿ ಇಲ್ಲಿಗೆ ತಂದು ಹದಿನಾಲ್ಕು ವರ್ಷವಾಯಿತು. ಗಂಡನಿಗೆ ಮಕರಪುರದ ಕಾರ್ಖಾನೆಯಲ್ಲಿ ಕೆಲಸ. ಮಗಳು ಅನನ್ಯಾ ಏಳನೆಯ ವರ್ಗ. ಅಪ್ಪನೂ ಈಗ ನಮ್ಮ ಜೊತೆಗೇ ಇದ್ದಾರೆ. ಅವಳ ಕನ್ನಡ ಅಜ್ಜನಿಗೆ ಅರ್ಥವಾಗುವುದಿಲ್ಲ, ಅಜ್ಜನ ಹಿಂದಿ ಅವಳಿಗೆ ಅರ್ಥವಾಗುವುದಿಲ್ಲ, ಆದರೂ ಇಬ್ಬರೂ ದಿನವಿಡೀ ಮಾತಾಡುತ್ತಾರೆ. ಅಪ್ಪ ದಿನಾ ಬೆಳಿಗ್ಗೆ ಆರಕ್ಕೆ ಎದ್ದು, ಹಣೆಗೆ ವಿಭೂತಿ ಹಚ್ಚಿ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಅಡ್ಡಾಡಲು ಹೋಗಿ ಏಳೂವರೆಗೆ ಬಂದು ನಾಷ್ಟಾಕ್ಕೆ ಕೂರುವವರು. ವಾರಕ್ಕೆರಡು ಸಲ ಸಂಜೆ ರಿಕ್ಷಾ ಹಿಡಿದು ಸ್ಟೇಷನ್ನಿಗೆ ಹೋಗಿ ಗಾಡಿ ನೋಡಿಕೊಂಡು ಬರುತ್ತಾರೆ. ಅಲ್ಲಿನ ಚಹಾದವನು ಅವರನ್ನು ‘ಗಾರ್ಡ್ ಸಾಹೇಬ್’ ಎನ್ನುತ್ತಾನೆ ಎಂಬುದು ಅವರಿಗೆ ಪಿಂಚಣಿಗಿಂತ ದೊಡ್ಡ ಸಂಗತಿ.

ಹೋದ ಚಳಿಗಾಲದ ಒಂದು ಶನಿವಾರ. ನನಗೆ ರಜೆ. ಗಂಡ ಕಾರ್ಖಾನೆ ಕೆಲಸಕ್ಕೆಂದು ಬೆಳಿಗ್ಗೆಯೇ ಅಹಮದಾಬಾದಿನ ನರೋಡಾಕ್ಕೆ ಹೋಗಿದ್ದರು. ಎಂಟಾಯಿತು, ಎಂಟೂವರೆಯಾಯಿತು. ಅಪ್ಪ ಬರಲಿಲ್ಲ. ಫೋನ್ ಮಾಡಿದರೆ ಅದು ಅವರ ಹಾಸಿಗೆಯ ಪಕ್ಕದಲ್ಲೇ ಚಾರ್ಜಿಗೆ ಹಾಕಿದ್ದಲ್ಲೇ ಬಡಿದುಕೊಂಡಿತು. ಕೆಳಗೆ ಹೋಗಿ ವಾಚ್‌ಮನ್ನನ್ನು ಕೇಳಿದೆ. “ದಾದಾಜಿ ಆರು ಗಂಟೆಗೇ ರಿಕ್ಷಾ ಹಿಡಿದು ಸ್ಟೇಷನ್ನಿಗೆ ಹೋದರಲ್ಲ” ಎಂದ.

ಬೆಳಿಗ್ಗೆ ಯಾಕೆ ಸ್ಟೇಷನ್ನು? ಮಗಳನ್ನು ಪಕ್ಕದ ಮನೆಗೆ ಬಿಟ್ಟು ನಾನೂ ಓಡಿದೆ. ಚಹಾದವನು ಕೆಟಲ್ ಕೆಳಗಿಡದೆಯೇ ಹೇಳಿದ, “ಗಾರ್ಡ್ ಸಾಹೇಬ್ ಸೂರತ್ ಕಡೆಯ ಗಾಡಿ ಹತ್ತಿದರು. ಚಹಾ ಕೂಡ ಕುಡಿಯಲಿಲ್ಲ.”

ಗುಳಿಗೆ ನುಂಗಿದ್ದಾರೆ, ಹೊಟ್ಟೆಗೇನೂ ಇಲ್ಲ, ಕೈಯಲ್ಲಿ ಫೋನಿಲ್ಲ. ಅವರಿಗೆ ಬಾಯಿಪಾಠವಿರುವ ಒಂದೇ ನಂಬರು ಹುಬ್ಬಳ್ಳಿ ಕ್ವಾರ್ಟರ್ಸಿನ ಹಳೆಯ ಫೋನಿನದು. ಆ ಕ್ವಾರ್ಟರ್ಸನ್ನೇ ಕೆಡವಿ ಎಷ್ಟೋ ವರ್ಷವಾಗಿದೆ. ರೈಲ್ವೆ ಪೊಲೀಸರ ಕೋಣೆಗೆ ಹೋಗಿ ಹೆಸರು, ವಯಸ್ಸು, ಅಂಗಿಯ ಬಣ್ಣ ಎಲ್ಲ ಬರೆಸಿದೆ. ಅವರು ಮುಂದಿನ ಸ್ಟೇಷನ್ನುಗಳಿಗೆ ಸುದ್ದಿ ಕೊಟ್ಟರು. ನಾನು ಗಂಡನಿಗೆ ಫೋನ್ ಮಾಡಿ ಅಳತೊಡಗಿದೆ. “ಅಳಬ್ಯಾಡ, ನಾ ನರೋಡಾದಿಂದ ಹೊರಡೂದ್ರಾಗ ಹೊತ್ತಾಗತದ, ನೀ ಅಲ್ಲೇ ಇರು” ಎಂದರು ಅವರು.

ಹತ್ತೂವರೆಗೆ ಸೂರತ್‌ನಿಂದ ಒಬ್ಬ ಪೇದೆಯ ಫೋನ್ ಬಂತು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಮುದುಕರು ಕುಸಿದಿದ್ದರು, ಯಾರೋ ದವಾಖಾನೆಗೆ ಸೇರಿಸಿದ್ದಾರೆ ಎಂದ.

“ಹೆಸರೇನು?” ಎಂದೆ.

“ವಾಸ್ಕೋ. ವಾಸ್ಕೋ ಗಾಮಾ. ಗೋವಾ ಕಡೆಯ ಕ್ರಿಶ್ಚಿಯನ್ನರು ಅನಿಸುತ್ತದೆ.”

“ಅಲ್ಲ, ನಮ್ಮ ತಂದೆ ಶಿವಪುತ್ರಪ್ಪ, ಕರ್ನಾಟಕದವರು” ಎಂದು ಹೇಳಿ ನಾನೇ ಫೋನ್ ಇಟ್ಟೆ! ಸಿಟ್ಟು ಬೇರೆ ಬಂದಿತ್ತು, ನನ್ನ ಅಪ್ಪ ಕಳೆದಿರುವಾಗ ಇವನು ಯಾವುದೋ ಗಾಮಾನ ಸುದ್ದಿ ಹೇಳುತ್ತಾನಲ್ಲ ಎಂದು. ಬಾಲ್ಯವಿಡೀ ಆ ಹೆಸರು ತಿಂದು ಬೆಳೆದವಳಿಗೆ ಆ ಕ್ಷಣ ಏನೂ ಹೊಳೆಯಲಿಲ್ಲ ಎಂಬುದನ್ನು ನೆನೆದರೆ ನನ್ನ ಬುದ್ಧಿಯ ಮೇಲೆ ನನಗೆ ಈಗಲೂ ಅನುಮಾನ ಬರುತ್ತದೆ.

ಇಪ್ಪತ್ತು ನಿಮಿಷದ ಮೇಲೆ ಮತ್ತೆ ಫೋನು. ಈ ಸಲ ವಯಸ್ಸಾದ ಒಂದು ಮೆತ್ತಗಿನ ದನಿ. “ಬೆಹನ್, ನನ್ನ ಹೆಸರು ಯೂಸುಫ್‌ಭಾಯಿ. ಆ ಕಾಕಾರನ್ನು ದವಾಖಾನೆಗೆ ಕರೆತಂದವನು ನಾನೇ. ಪೊಲೀಸರು ನಿಮ್ಮ ನಂಬರು ಕೊಟ್ಟರು. ವಯಸ್ಸು, ಅಂಗಿ ಎರಡೂ ಕೂಡಿ ಬರುತ್ತದೆ. ಇವರು ಕ್ರಿಶ್ಚಿಯನ್ ಎಂದು ಬರೆದುಕೊಂಡಿದ್ದಾರೆ, ಆದರೆ ಹಣೆ ತುಂಬ ಭಸ್ಮವಿದೆ. ಎಚ್ಚರಾದಾಗೆಲ್ಲ ‘ಲೈನ್ ಕ್ಲಿಯರ್’ ಅನ್ನುತ್ತಾರೆ.”

ಲೈನ್ ಕ್ಲಿಯರ್ ಎಂದರೆ ಮುಂದಿನ ಹಳಿ ಖಾಲಿಯಿದೆ, ಗಾಡಿ ಬಿಡಬಹುದು ಎಂಬ ರೈಲ್ವೆಯವರ ಮಾತು. ಗಂಡನಿಗೆ ಸುದ್ದಿ ತಿಳಿಸಿ ನಾನು ಮುಂದಿನ ಗಾಡಿ ಹತ್ತಿದೆ.

ಸೂರತ್‌ಗೆ ಎರಡು ತಾಸಿನ ಹಾದಿ. ದವಾಖಾನೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲೇ ಇತ್ತು. ಒಳಗೆ ಅಪ್ಪ ಕೈಗೆ ಸಲೈನ್ ಹಚ್ಚಿಸಿಕೊಂಡು ಮಲಗಿದ್ದರು. ಮುಖ ಬಾಡಿ ಇಷ್ಟೇ ಆಗಿತ್ತು. ನನ್ನನ್ನು ಕಂಡು, “ಬಂದೇನವಾ ಶಾರಿ? ಇವತ್ತ ಆಫೀಸಿಲ್ಲೇನು?” ಎಂದರು. ಅಷ್ಟೇ ಸಾಕಾಯಿತು, ನನ್ನ ಕಣ್ಣೀರು ಹರಿಯಿತು.

ಹೆಸರು ಹೇಗೆ ಹಾಗಾಯಿತೆಂದು ನರ್ಸಮ್ಮ ವಿವರಿಸಿದಳು. ಅರೆಪ್ರಜ್ಞೆಯಲ್ಲಿದ್ದವರನ್ನು ಅವಳು ಹೆಸರು ಕೇಳಿದ್ದಾಳೆ, ಉತ್ತರವಿಲ್ಲ. ಆಗ ಊರನ್ನಾದರೂ ಕೇಳೋಣವೆಂದು, “ಕಾಕಾ, ಗಾಮ್? ತಮಾರು ಗಾಮ್?” ಎಂದಿದ್ದಾಳೆ. ಗುಜರಾತಿಯಲ್ಲಿ ಗಾಮ್ ಎಂದರೆ ಊರು. ಅಪ್ಪ ಥಟ್ಟನೆ ಕಣ್ಣು ತೆರೆದು, “ವಾಸ್ಕೋ ಡ ಗಾಮಾ!” ಎಂದರಂತೆ. ಆಮೇಲೆ ಏನು ಕೇಳಿದರೂ ಅದೇ ಉತ್ತರ. ಪಾಪ, ಅವಳು ಅದನ್ನೇ ಹೆಸರಿನ ಜಾಗದಲ್ಲಿ ಬರೆದಳು. ಸ್ಕೂಲಿನಲ್ಲಿ ಎಲ್ಲೋ ಕೇಳಿದ ಹೆಸರು ಅನ್ನಿಸಿತ್ತು ಎಂದೂ ಸೇರಿಸಿದಳು.

ಮೂಲೆಯ ಸ್ಟೂಲಿನ ಮೇಲೆ ಯೂಸುಫ್‌ಭಾಯಿ ಕೂತಿದ್ದರು. ಎಪ್ಪತ್ತೈದರ ಆಸುಪಾಸು, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ತಾಪಿ ನದಿಯ ಆಚೆ ದಡದ ರಾಂದೇರಿನವರು. ಸೀರೆಗೆ ಹಾಕುವ ಜರಿಯ ಕೆಲಸ ಮಾಡಿಸುತ್ತಿದ್ದರು, ಈಗ ಮಕ್ಕಳು ನೋಡಿಕೊಳ್ಳುತ್ತಾರೆ. ಭರೂಚಿನಲ್ಲಿ ಗಾಡಿ ಹತ್ತಿ ಅಪ್ಪನ ಎದುರು ಕೂತಿದ್ದರಂತೆ. ಸೂರತ್‌ನಲ್ಲಿ ಇಳಿಯುವಾಗ ಅಪ್ಪ ಕುಸಿದದ್ದನ್ನು ಕಂಡು, ಕೈಯಲ್ಲಿದ್ದ ಚೀಲವನ್ನು ಅಲ್ಲೇ ಬಿಟ್ಟು ಅವರನ್ನು ರಿಕ್ಷಾಕ್ಕೆ ಹಾಕಿಕೊಂಡು ಬಂದರು. ಬೆಳಗಿನಿಂದ ಅಲ್ಲಿಂದ ಕದಲಿರಲಿಲ್ಲ.

ಅವರ ಹಿಂದಿಯಲ್ಲಿ ಅರ್ಧ ಗುಜರಾತಿ, ನನ್ನ ಹಿಂದಿಯಲ್ಲಿ ಅರ್ಧ ಹುಬ್ಬಳ್ಳಿ. ನಿಮಗೆ ಕಷ್ಟವಾಗದಿರಲೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

“ಒಂದು ಮಾತು ಹೇಳಲೇ?” ಎಂದರು ಅವರು. “ನಿಮ್ಮ ತಂದೆ ಆ ಹೆಸರು ಹೇಳಿದಾಗ ನಾನು ಬೆಚ್ಚಿಬಿದ್ದೆ. ಎದ್ದು ಹೋಗಿಬಿಡಲೇ ಅನ್ನಿಸಿತು. ಹೆಸರಿಗೆ ಹೆದರುವ ವಯಸ್ಸೇ ನನ್ನದು ಅಂತ ಮತ್ತೆ ಕೂತೆ.”

“ಯಾಕೆ?”

“ನಮ್ಮದು ಮಾಲಮರ ಮನೆತನ, ಬೆಹನ್. ಹಡಗಿಗೆ ದಾರಿ ತೋರಿಸುವವರನ್ನು ನಮ್ಮಲ್ಲಿ ಮಾಲಮ್ ಅನ್ನುತ್ತಾರೆ. ನಕ್ಷತ್ರ ನೋಡಿ, ನೀರಿನ ಬಣ್ಣ ನೋಡಿ ಅರಬಸ್ತಾನ, ಆಫ್ರಿಕಾಕ್ಕೆಲ್ಲ ಹಡಗು ಒಯ್ಯುತ್ತಿದ್ದರು. ನಾವು ಹಟ ಮಾಡಿದರೆ ನಮ್ಮ ದಾದಿ, ಅಂದರೆ ಅಜ್ಜಿ, ಗುಮ್ಮನನ್ನು ಕರೆಯುತ್ತಿರಲಿಲ್ಲ, ಗಾಮಾನನ್ನು ಕರೆಯುತ್ತಿದ್ದಳು.”

ನಾನು ನಕ್ಕೆ. ಅವರು ನಗಲಿಲ್ಲ.

ಅವರು ಹೇಳಿದ್ದನ್ನು ನಾನು ಮುಂದೆ ಲೈಬ್ರರಿಯಲ್ಲಿ ಕೂತು ಓದಿ ಖಚಿತ ಮಾಡಿಕೊಂಡೆ. ಎರಡನೆಯ ಸಲ ನಮ್ಮ ಕಡೆ ಬಂದಾಗ ಗಾಮಾ ಮಲಬಾರಿನ ತೀರದಲ್ಲಿ ಒಂದು ಹಡಗನ್ನು ಹಿಡಿದ. ಮೆಕ್ಕಾ ಯಾತ್ರೆ ಮುಗಿಸಿ ಮನೆಗೆ ಮರಳುತ್ತಿದ್ದವರ ಹಡಗು. ಇದ್ದಬದ್ದ ಸರಕನ್ನೆಲ್ಲ ಕಿತ್ತುಕೊಂಡು, ಜನರನ್ನು ಒಳಗೇ ಬಿಟ್ಟು ಬೆಂಕಿ ಹಚ್ಚಿಸಿದ. ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ತೋರಿಸಿದರು, ಕೂಸುಗಳನ್ನು ಎತ್ತಿ ಹಿಡಿದು ತೋರಿಸಿದರು. ಅವನು ನೋಡುತ್ತ ನಿಂತಿದ್ದ. ಇದನ್ನು ಬರೆದಿಟ್ಟವರು ಅವನ ಕಡೆಯವರೇ. ಅವನ ತರುವಾಯ ಬಂದ ಪೋರ್ಚುಗೀಸರು ರಾಂದೇರನ್ನೂ ಸುಟ್ಟರು.

“ಆ ಹಡಗಿನಲ್ಲಿ ನಿಮ್ಮವರು ಇದ್ದರೇನು?” ಎಂದೆ.

“ಯಾರಿಗೆ ಗೊತ್ತು? ಕೂಸುಗಳ ಹೆಸರನ್ನು ಯಾರು ಬರೆದಿಡುತ್ತಾರೆ?”

ಆಗ ನೆನಪಾದದ್ದು ಒಂಬತ್ತನೆಯ ವಯಸ್ಸಿನ ನಾನು. ಗೇರುಬೀಜದ ಅವಮಾನ ತೊಳೆದುಕೊಳ್ಳಲು ಶಾಲೆಯ ವೇಷಸ್ಪರ್ಧೆಯಲ್ಲಿ ವಾಸ್ಕೋ ಡ ಗಾಮಾ ಆಗಿದ್ದೆ. ಅಪ್ಪನ ಗಾರ್ಡ್ ಕೋಟು, ಕಾಡಿಗೆಯ ಗಡ್ಡ, ಅವ್ವನ ಸೊಂಟಪಟ್ಟಿ, ಬೇರೇನೂ ಸಿಗದೆ ಕೈಯಲ್ಲೊಂದು ಹಸಿರು ಬಾವುಟ. “ನಾನು ಭಾರತವನ್ನು ಕಂಡುಹಿಡಿದೆ!” ಎಂದು ಕೂಗಿದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಎರಡನೆಯ ಬಹುಮಾನ ಒಂದು ಸ್ಟೀಲಿನ ಬಟ್ಟಲು. ಅದರಲ್ಲಿ ಬಹಳ ವರ್ಷ ಮೊಸರು ತಿಂದೆ.

ಅಪ್ಪ ಎಲ್ಲವನ್ನೂ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಥಟ್ಟನೆ ಎದ್ದು ಕೂರಲು ನೋಡಿದರು. ಸಲೈನ್ ನಳಿಕೆ ಎಳೆಯಿತು. ಎರಡೂ ಕೈ ಜೋಡಿಸಿ ಯೂಸುಫ್‌ಭಾಯಿಯ ಕಡೆ ತಿರುಗಿ ತಮ್ಮ ರೈಲ್ವೆ ಹಿಂದಿಯಲ್ಲಿ ಹೇಳಿದರು, “ಮಾಫ್ ಕರೋ ಭಾಯಿಸಾಬ್. ವೋ ಗಾಮಾ ಮೈ ನಹೀ. ಮೈ ಸಿರ್ಫ್ ಗಾರ್ಡ್.”

ಯೂಸುಫ್‌ಭಾಯಿ ಸ್ಟೂಲಿನಿಂದ ಧಡಕ್ಕನೆ ಎದ್ದರು. ಅಪ್ಪನ ಜೋಡಿಸಿದ ಕೈಗಳನ್ನು ತಮ್ಮ ಕೈಯಿಂದ ಬಿಡಿಸಿ, “ಅರೆ ಕಾಕಾ, ಏನು ಮಾಡುತ್ತಿದ್ದೀರಿ!” ಎಂದವರೇ ಬಾಗಿಲ ಕಡೆ ಹೋದರು. ಅಲ್ಲಿಯವರೆಗೆ ಗಂಭೀರವಾಗಿದ್ದ ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಾವೆಲ್ಲರೂ ನಕ್ಕೆವು, ಕಣ್ಣೊರೆಸಿಕೊಳ್ಳುತ್ತ.

ಡಾಕ್ಟರು ಸಂಜೆಗೆ ಬಿಟ್ಟರು. ಆದರೆ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಸಕ್ಕರೆ ಪರೀಕ್ಷೆ ಮಾಡಬೇಕು, ಇಂದೇ ಪ್ರಯಾಣ ಬೇಡ ಎಂದರು. ಲಾಡ್ಜ್ ಹುಡುಕುತ್ತೇನೆ ಎಂದ ನನ್ನನ್ನು ಯೂಸುಫ್‌ಭಾಯಿ ಒಂದು ಸಲ ನೋಡಿದರು ಅಷ್ಟೇ. ನಾವು ರಾಂದೇರಿನ ಅವರ ಮನೆಗೆ ಹೋದೆವು. ಕೆತ್ತನೆಯ ಮರದ ಕಂಬಗಳಿದ್ದ ಹಳೆಯ ಮನೆ. ಅವರ ಹೆಂಡತಿ ಅಪ್ಪನ ಹಣೆಯ ವಿಭೂತಿ ನೋಡಿದವರೇ ಒಳಗೆ ಹೋಗಿ ಹೊಸ ಪಾತ್ರೆ ತೆಗೆದು ಖಿಚಡಿ, ಕಢಿ ಮಾಡಿದರು. ಅಪ್ಪ ಎರಡು ಸಲ ಬಡಿಸಿಕೊಂಡರು.

ಮರುದಿನ ಡಾಕ್ಟರಿಗೆ ತೋರಿಸಿ ಬಂದ ಮೇಲೆ ಯೂಸುಫ್‌ಭಾಯಿ ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ಒಂದು ಪುಸ್ತಕ ತೆಗೆದರು. ಅವರ ಹಿರಿಯರೊಬ್ಬರ ಮಾಲಮ್ ಪೋಥಿ. ಮಾಸಿದ ಹಾಳೆಗಳ ತುಂಬ ನಕ್ಷತ್ರದ ಗುರುತು, ದಡದ ಗುಡ್ಡಗಳ ಗೆರೆಚಿತ್ರ, ಯಾವ ತಿಂಗಳಲ್ಲಿ ಯಾವ ಗಾಳಿ, ಎಲ್ಲಿ ನೀರಿನ ಹಾವು ಕಂಡರೆ ದಡ ಹತ್ತಿರವೆಂದು ತಿಳಿಯಬೇಕು ಎಂಬೆಲ್ಲ ಲೆಕ್ಕ. ಅಪ್ಪ ಕನ್ನಡಕ ಏರಿಸಿ, ಅಕ್ಷರ ಓದಲು ಬರದಿದ್ದರೂ ಪುಟ ಪುಟವನ್ನೂ ನೋಡಿದರು.

“ಶಾರಿ, ಇದು ನಮ್ಮ ಗಾರ್ಡ್ ಬುಕ್ ಇದ್ದಂಗ ಐತಿ ನೋಡು. ಎಲ್ಲಿ ನಿಂತ್ವಿ, ಎಷ್ಟೊತ್ತು ನಿಂತ್ವಿ, ಯಾಕ ನಿಂತ್ವಿ. ಬರದಾಂವನ ಹೆಸರೆಲ್ಲೈತಿ ಕೇಳು.”

ನಾನು ಕೇಳಿದೆ. ಯೂಸುಫ್‌ಭಾಯಿ ತಲೆಯಾಡಿಸಿದರು. “ಹೆಸರಿಲ್ಲ. ಓದುವವರು ಮನೆಯವರೇ ತಾನೆ, ಗೊತ್ತಿರುತ್ತದೆ ಅಂದುಕೊಂಡಿರಬೇಕು. ಆಫ್ರಿಕಾದಿಂದ ಇಲ್ಲಿಗೆ ಗಾಮಾನಿಗೆ ದಾರಿ ತೋರಿಸಿದವನೂ ಗುಜರಾತಿನ ಮಾಲಮ್ ಅಂತ ಕೆಲವರು ಹೇಳುತ್ತಾರೆ, ಅರಬನು ಅಂತ ಕೆಲವರು. ನಮ್ಮ ದಾದಿ ಮಾತ್ರ, ಅವನು ನಮ್ಮವನೇ ಅಂತ ಒಮ್ಮೆ ಹೆಮ್ಮೆಯಿಂದ ಹೇಳುತ್ತಿದ್ದಳು, ಒಮ್ಮೆ ಅದೇ ಮಾತು ಹೇಳಿ ಅಳುತ್ತಿದ್ದಳು. ದಾರಿ ಗೊತ್ತಿದ್ದವನು ಅವನು, ಕಂಡುಹಿಡಿದವನು ಇವನಾದ.” ಆಮೇಲೆ ನಕ್ಕು ಸೇರಿಸಿದರು, “ನಾನಂತೂ ಮನೆತನದ ಮಾನ ಕಳೆದವನು. ದೋಣಿ ಹತ್ತಿದರೆ ವಾಂತಿ. ಕಾಕಾ, ನೀವೇ ಭಾಗ್ಯವಂತರು. ವಾಸ್ಕೋದಲ್ಲಿ ಅಷ್ಟು ವರ್ಷ ಸಮುದ್ರದ ಪಕ್ಕದಲ್ಲೇ. ಅಲ್ಲಿನ ಸಮುದ್ರ ಹೇಗಿರುತ್ತದೆ, ಹೇಳಿ.”

ಅಪ್ಪ ಪೋಥಿ ಮುಚ್ಚಿದರು. ಈಗ ಉದ್ದನೆಯ ಮೀನು ಬರುತ್ತದೆ, ಕಪ್ತಾನ ಟೋಪಿ ತೆಗೆಯುತ್ತಾನೆ ಎಂದು ನಾನು ಅನುವಾದಕ್ಕೆ ತಯಾರಾಗಿ ಕೂತೆ. ಅಪ್ಪ ನನ್ನ ಕಡೆ ತಿರುಗಿದರು.

“ನಾ ಸಮುದ್ರ ನೋಡಿಲ್ಲವಾ” ಎಂದರು, ಕನ್ನಡದಲ್ಲಿ, ನನಗೆ.

“ಏನಂದ್ರಿ?”

“ನೋಡಿಲ್ಲ. ಡಬ್ಬಿಯಿಂದ ದೂರಕ್ಕ ಕಂಡೈತಿ, ಕ್ರೇನು, ಅದಿರಿನ ಗುಡ್ಡದ ನಡುವ ಒಂದು ನೀಲಿ ಗೆರಿ. ಅಷ್ಟ. ದಂಡಿಗೆ ಹೋಗಿಲ್ಲ, ನೀರು ಮುಟ್ಟಿಲ್ಲ. ಗಾಡಿ ಮುಟ್ಟಿಸೂದು, ಸಹಿ ಮಾಡೂದು, ರನ್ನಿಂಗ್ ರೂಮಿನ್ಯಾಗ ಮಕ್ಕೊಳ್ಳೂದು, ಹೊಳ್ಳಿ ಬರೂದು.”

ನನಗೆ ಹೇಗಾಯಿತೆಂದು ಹೇಗೆ ಹೇಳಲಿ? ಮಲಬಾರಿನ ಹಡಗಿನ ಕಥೆ ಕೇಳಿದಾಗಲೂ ನೆಲ ಇಷ್ಟು ಅಲುಗಾಡಿರಲಿಲ್ಲ. ಬಾಲ್ಯದ ಅರ್ಧ ಭಾಗವನ್ನು ಯಾರೋ ಹರಿದು ಕೈಗಿತ್ತ ಹಾಗಾಯಿತು.

“ಮತ್ತ ಆ ಮೀನು? ಆ ಕಪ್ತಾನ? ಏಳನೇ ತೆರಿ?” ನನ್ನ ದನಿ ಏರಿತು. “ಅಷ್ಟೂ ಸುಳ್ಳೇನ್ರಿ ಅಪ್ಪಾ? ನಾ ಅದನ್ನ ನನ್ನ ಮಗಳಿಗೂ ಹೇಳೇನಿ!”

“ಡ್ರೈವರ್‌ಗೋಳು ಹೇಳತಿದ್ರು, ಕೂಲಿ ಮಂದಿ ಹೇಳತಿದ್ರು. ಒಂದಿಷ್ಟು ನಾ ಸೇರಿಸಿದೆ. ನೀವೆಲ್ಲಾ ಬಾಯಿ ತಕ್ಕೊಂಡು ಕುಂದರತಿದ್ರಿ. ನನಗೂ ಖುಷಿ ಆಗತಿತ್ತು.”

“ಆದ್ರ ಅಷ್ಟು ವರ್ಷ ಅಲ್ಲೇ ಇದ್ದು ಒಮ್ಮೆ ಹೋಗಿ ನೋಡಲಿಕ್ಕೆ ಏನಾಗಿತ್ತು?”

ಅಪ್ಪ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಮೆಲ್ಲಗೆ ಹೇಳಿದರು, “ಹೆದರಿಕಿ ಯವ್ವಾ. ಒಮ್ಮೆ ಹೇಳಿ ಬಿಟ್ಟೆ. ಆಮ್ಯಾಲ ಹೋಗಿ ನೋಡಿದ್ರ, ನಾ ಹೇಳಿದ್ದಂಗ ಇಲ್ಲಂದ್ರ? ಮತ್ತ ನಿಮಗ ಹೆಂಗ ಹೇಳಲಿ? ಅದಕ್ಕ ಹೋಗಲೇ ಇಲ್ಲ. ಮೊನ್ನೆ ನಿನ್ನ ಮಗಳು ಕೇಳಿದ್ಲು, ಅಜ್ಜಾ ಸಮುದ್ರದ ನೀರು ಮುಟ್ಟಿದ್ರ ಹೆಂಗನಸ್ತದಂತ. ಯಾರೂ ಹಂಗ ಕೇಳಿರಲಿಲ್ಲ. ನನ್ನ ಹತ್ರ ಅದಕ್ಕ ಕಥಿ ಇರಲಿಲ್ಲ. ಚಾದಾಂವನ್ನ ಕೇಳಿದೆ. ಸೂರತ್ತಿನ ಹತ್ರ ಡುಮಸ್ ಅಂತ ಐತಿ, ಎರಡು ತಾಸಿನ ಹಾದಿ ಅಂದ. ಹೋಗಿ ಮುಟ್ಟಿ ಮಧ್ಯಾಹ್ನಕ್ಕ ಹೊಳ್ಳಿ ಬಂದುಬಿಡೂಣಂತ...”

ಸಿಟ್ಟು ಇನ್ನೂ ಇತ್ತು. ಆದರೆ ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಎಂಬತ್ತೊಂದು ವರ್ಷದ ಮನುಷ್ಯ ಬರಿಹೊಟ್ಟೆಯಲ್ಲಿ, ಯಾರಿಗೂ ಹೇಳದೆ, ಮೊಮ್ಮಗಳಿಗೆ ಒಂದು ನಿಜವಾದ ಉತ್ತರ ತರಲು ಹೊರಟಿದ್ದರು.

ಯೂಸುಫ್‌ಭಾಯಿ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಏನಾಯಿತು ಎಂದರು. ಹೇಳಿದೆ. ಆಮೇಲೆ ಅವರ ಹೊಟ್ಟೆ ಕುಣಿಯತೊಡಗಿತು, ಹೆಗಲು ಕುಣಿಯತೊಡಗಿತು. ನಕ್ಕು ನಕ್ಕು ಕೆಮ್ಮು ಬಂದಿತು. “ಬೇಗಂ, ಕೇಳಿದೆಯಾ, ಈ ಮನೆಯಲ್ಲಿ ಸಮುದ್ರಕ್ಕೆ ಹೆದರುವವನು ನಾನೊಬ್ಬನೇ ಅಲ್ಲ!” ಎಂದು ಒಳಗೆ ಕೂಗಿದರು. ಬಳಿಕ ಮಗನಿಗೆ ಫೋನ್ ಮಾಡಿ ಕಾರು ತರಿಸಿದರು.

“ಡಾಕ್ಟರು ದಣಿಯಬಾರದು ಅಂದಿದ್ದಾರೆ” ಎಂದೆ ನಾನು.

“ಡಾಕ್ಟರು ಸಮುದ್ರ ನೋಡಬಾರದು ಅಂದರೇನು?”

ಅಪ್ಪ ಆಗಲೇ ಚಪ್ಪಲಿ ಹಾಕಿಕೊಂಡಿದ್ದರು.

ಡುಮಸ್ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಭಾನುವಾರದ ಜಾತ್ರೆಯಂಥ ಜನ, ಒಂಟೆಗಳು, ಭಜಿ ಕರಿಯುವ ವಾಸನೆ. ಕಪ್ಪು ಮರಳು. ಅಪ್ಪ ನನ್ನ ತೋಳು ಹಿಡಿದು ಅಂಗಡಿಗಳ ಸಾಲು ದಾಟಿ ಎದುರಿಗೆ ನೋಡಿದರು. ನಾನೂ ನೋಡಿದೆ.

ಸಮುದ್ರವಿರಲಿಲ್ಲ.

ಕಣ್ಣು ಹೋಗುವಷ್ಟು ದೂರ ಒದ್ದೆ ಕೆಸರು, ಅದರ ಮೇಲೆ ಓಡಾಡುವ ಏಡಿಗಳು. ನೀರು ಎಲ್ಲೋ ದಿಗಂತದ ಹತ್ತಿರ ಬೆಳ್ಳಗೆ ಮಿನುಗುತ್ತಿತ್ತು. ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಇಷ್ಟೆಲ್ಲ ಆದ ಮೇಲೆ ಇವರಿಗೆ ಮತ್ತೆ ಅದೇ ದೂರದ ಗೆರೆಯೇ ಕಾಣಬೇಕೇ?

“ಇಳಿತ” ಎಂದರು ಯೂಸುಫ್‌ಭಾಯಿ ಕೈಗಡಿಯಾರ ನೋಡಿ. “ತಿರುಗಿ ಬರುತ್ತದೆ. ಇಲ್ಲಿ ಬರುವಾಗ ಬೇಗ ಬರುತ್ತದೆ. ಕೂರೋಣ.”

ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತೆವು. ಟೊಮೆಟೊ ಭಜಿ ಬಂತು. ಅಪ್ಪನಿಗೆ ಒಂದೇ ಎಂದೆ, ಎರಡು ತಿಂದರು. ಇಬ್ಬರು ಮುದುಕರೂ ಮಾತಿಲ್ಲದೆ, ತಡವಾದ ಗಾಡಿಗೆ ಕಾಯುವವರಂತೆ ಎದುರಿಗೆ ದಿಟ್ಟಿಸುತ್ತ ಕೂತರು. ಒಂದು ತಾಸು ಕಳೆದಿರಬೇಕು. ಮೊದಲು ಕೆಸರಿನ ಮೇಲೆ ಒಂದು ತೆಳ್ಳನೆಯ ಹೊಳಪು ಹರಿದಂತಾಯಿತು. ಆಮೇಲೆ ಸಪ್ಪಳ ಕೇಳಿಸಿತು. ನೋಡುತ್ತಿದ್ದಂತೆ ಆ ಬೆಳ್ಳನೆಯ ಗೆರೆ ದಪ್ಪವಾಗಿ, ಕಂದು ಬಣ್ಣಕ್ಕೆ ತಿರುಗಿ, ನೊರೆ ನೂಕಿಕೊಂಡು ನಮ್ಮ ಕಡೆಗೇ ಬಂತು. ಅಪ್ಪ ಎದ್ದು ನಿಂತರು. ಚಪ್ಪಲಿ ಬಿಟ್ಟರು. ಧೋತರ ಮೇಲೆತ್ತಿ ಕಟ್ಟಿದರು.

ನಾನು ಒಂದು ಕೈ ಹಿಡಿದೆ, ಯೂಸುಫ್‌ಭಾಯಿ ಇನ್ನೊಂದು ಹಿಡಿದರು. ನೀರು ಪಾದ ಮುಟ್ಟಿದ ಕ್ಷಣ ಅಪ್ಪನ ಮೈಯೆಲ್ಲ ಒಮ್ಮೆ ಝುಮ್ಮೆಂದದ್ದು ನನ್ನ ಕೈಗೂ ತಿಳಿಯಿತು. ಮೊಣಕಾಲ ಕೆಳಗಿನವರೆಗೆ ನೀರು ಬಂದಾಗ ನಿಂತರು. ಕಾಲ ಕೆಳಗಿನ ಮರಳು ಜಾರಿದಾಗ, “ಹೊಂಟೈತಿ, ಹೊಂಟೈತಿ!” ಎಂದು ನನ್ನ ಕೈ ಬಿಗಿಯಾಗಿ ಹಿಡಿದರು. ಆಮೇಲೆ ನಮ್ಮಿಬ್ಬರ ಕೈಯನ್ನೂ ಬಿಡಿಸಿಕೊಂಡು ಬಗ್ಗಿ ಒಂದು ಬೊಗಸೆ ತುಂಬಿ, ನಾನು ಬೇಡ ಬೇಡ ಎನ್ನುವುದರೊಳಗೆ ಬಾಯಿಗೆ ಹಾಕಿಕೊಂಡರು.

ಮುಖ ಕಿವುಚಿಹೋಯಿತು. ಕಣ್ಣರಳಿಸಿ ನನ್ನನ್ನೇ ನೋಡಿದರು, ಮೋಸ ಹೋದವರ ಹಾಗೆ, ಮೋಸ ಮಾಡಿದವಳು ನಾನೇ ಎಂಬ ಹಾಗೆ.

“ಶಾರೀ, ಇಷ್ಟು ಉಪ್ಪಿರತೈತಂತ ಯಾರೂ ನನಗ ಹೇಳಲೇ ಇಲ್ಲಲ್ಲವಾ!” ಎಂದವರು, ನಂಬಿಕೆ ಬಾರದೆ ಮತ್ತೆ ಬಗ್ಗಿ ಇನ್ನೊಂದು ಬೊಗಸೆ ತುಂಬಿಕೊಂಡರು.